ಡೀಪ್ ಸ್ಕೈ ಫೋಟೋಗೆ ಯಾವ ಟೆಲಿಸ್ಕೋಪ್ ತಗೊಳ್ಳಲಿ?

ಪ್ರಶ್ನೆ (ಚಿಂತಾಮಣಿಯಿಂದ):
ನಮಸ್ಕಾರ ಸರ್. ನಾನು ಹೈಸ್ಕೂಲ್ ಮೇಷ್ಟ್ರು. ಕ್ಯಾನನ್ 200ಡಿ ಕ್ಯಾಮೆರಾ ಇದೆ. ಜೊತೆಗೆ 18-55, 55-250 ಲೆನ್ಸ್ ಇವೆ. ಆಂಡ್ರೊಮಿಡಾ ಗ್ಯಾಲಕ್ಸಿ, ಓರಿಯಾನ್ ನೆಬ್ಯುಲಾ (ಅನಿಲದ ಮೋಡ), ಇಂಥ ಡೀಪ್ ಸ್ಕೈ ಅಂದರೆ ಸೌರಮಂಡಲದಾಚೆಯ ಮಸುಕು ವಸ್ತುಗಳ ಫೋಟೋ ತೆಗೆಯಬೇಕು ಅಂತ ಆಸೆ. ಒಂದೂವರೆ ಲಕ್ಷದವರೆಗೆ ಹಾಕಬಹುದು. ಅಂಗಡಿಯವರು 8 ಇಂಚಿನ ಕನ್ನಡಿ ಇರುವ ಡಾಬ್ಸೋನಿಯನ್ ಟೆಲಿಸ್ಕೋಪ್ ತಗೊಳ್ಳಿ, ದೊಡ್ಡದಿದ್ದಷ್ಟೂ ಒಳ್ಳೆಯದು ಅಂದರು. ತಗೊಳ್ಳಲಾ? ಮನೆ ತಾರಸಿ ಮೇಲಿಂದಲೇ ತೆಗೆಯುವ ಯೋಚನೆ.

ಉತ್ತರ (ಟೆಲಿಸ್ಕೋಪ್ ಜೋಡಣೆ, ಸರ್ವಿಸ್ ಮಾಡುವವರು):
ಮೇಷ್ಟ್ರೇ, ಶನಿಯ ಉಂಗುರ, ಚಂದ್ರನ ಕುಳಿ ಮಕ್ಕಳಿಗೆ ತೋರಿಸಬೇಕು ಅಂದಿದ್ದರೆ ನಾನೂ ಅದನ್ನೇ ತಗೊಳ್ಳಿ ಅನ್ನುತ್ತಿದ್ದೆ. ನಿಮ್ಮ ಕೆಲಸಕ್ಕೆ ಅದು ಬೇಡ.

8 ಇಂಚಿನ ಡಾಬ್ಸೋನಿಯನ್ ಫೋಕಲ್ ಲೆಂತ್ (ಇದು ಹೆಚ್ಚಿದಷ್ಟೂ ಫೋಟೋಗೆ ಸಿಗುವ ಆಕಾಶ ಕಡಿಮೆ) ಸಾಮಾನ್ಯವಾಗಿ 1200 ಮಿ.ಮೀ. ನಿಮ್ಮ ಕ್ಯಾಮೆರಾ ಹಾಕಿದರೆ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ ಅಗಲ ಸಿಗುತ್ತದೆ, ಅಷ್ಟೇ. ಆಂಡ್ರೊಮಿಡಾ ಉದ್ದ ಮೂರು ಡಿಗ್ರಿ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು! ನಡುವಿನ ಬೆಳ್ಳಗಿನ ಭಾಗ ಮಾತ್ರ ಫೋಟೋಗೆ ಬರುತ್ತದೆ. ಸಾಲದ್ದಕ್ಕೆ, ಡಾಬ್ಸೋನಿಯನ್ ತಿರುಗುವುದು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ. ಮೋಟಾರ್ ಇದ್ದರೂ ಫೋಟೋದಲ್ಲಿ ಆಕಾಶ ನಿಧಾನವಾಗಿ ಸುತ್ತಿಕೊಳ್ಳುತ್ತದೆ. ಉದ್ದದ ಎಕ್ಸ್‌ಪೋಷರ್ ಕೊಡಲು ಆಗುವುದಿಲ್ಲ.

ಹಾಗಾಗಿ ಮೊದಲು ಟೆಲಿಸ್ಕೋಪ್ ಮರೆತುಬಿಡಿ. ಮೌಂಟ್, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಸ್ಟ್ಯಾಂಡ್ ಆರಿಸಿ. ಈಕ್ವೆಟೋರಿಯಲ್ ಮೌಂಟ್ ಅಂತ ಕೇಳಿ. ಅದರ ಒಂದು ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಲ್ಲುತ್ತದೆ, ಭೂಮಿ ತಿರುಗಿದಷ್ಟೇ ವೇಗದಲ್ಲಿ ಹಿಂದಕ್ಕೆ ತಿರುಗುತ್ತದೆ. ಅದು ಯಾಕೆ ಬೇಕು ಅಂದರೆ, 400 ಮಿ.ಮೀ ಫೋಕಲ್ ಲೆಂತ್‌ನಲ್ಲಿ ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 1.9 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಹಿಡಿಯುತ್ತದೆ. ಆಕಾಶ ಸರಿಯುವುದು ಸೆಕೆಂಡಿಗೆ 15 ಆರ್ಕ್‌ಸೆಕೆಂಡ್. ಟ್ರ್ಯಾಕಿಂಗ್ ಇಲ್ಲದಿದ್ದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಏಳೆಂಟು ಪಿಕ್ಸೆಲ್ ಜಾರಿರುತ್ತದೆ. ನಮಗೆ ಬೇಕಿರುವುದು ಎರಡು ಮೂರು ನಿಮಿಷದ ಎಕ್ಸ್‌ಪೋಷರ್.

ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೌಂಟಿಗೇ ಹೋಗಲಿ. ಕಂಪನಿಯವರು 10 ಕಿಲೋ ಹೊರುತ್ತದೆ ಅಂದರೆ ಫೋಟೋಗೆ 5 ಕಿಲೋ ಅಂತ ಲೆಕ್ಕ ಇಟ್ಟುಕೊಳ್ಳಿ. ಉಳಿದದ್ದರಲ್ಲಿ 70ರಿಂದ 80 ಮಿ.ಮೀ.ನ ಇ.ಡಿ. (ED, ಬಣ್ಣ ಚೆದುರುವುದನ್ನು ತಗ್ಗಿಸುವ) ಗಾಜಿನ ರಿಫ್ರ್ಯಾಕ್ಟರ್, ಅಂದರೆ ಲೆನ್ಸ್ ಇರುವ ಟೆಲಿಸ್ಕೋಪ್, ಫೋಕಲ್ ಲೆಂತ್ 400-480ರ ಒಳಗೆ. ಅಗ್ಗದ ಸಾದಾ ಗಾಜಿನದ್ದು ಬೇಡ, ಹೊಳೆಯುವ ನಕ್ಷತ್ರಗಳ ಸುತ್ತ ನೇರಳೆ ಬಣ್ಣ ಬಳಿಯುತ್ತದೆ. ಫೀಲ್ಡ್ ಫ್ಲ್ಯಾಟನರ್ ಅಂತ ಒಂದು ಚಿಕ್ಕ ಲೆನ್ಸ್ ಜೊತೆಗೇ ತಗೊಳ್ಳಿ, ಇಲ್ಲದಿದ್ದರೆ ಮೂಲೆಯ ನಕ್ಷತ್ರಗಳು ಎಳೆದಂತೆ ಬರುತ್ತವೆ. ನ್ಯೂಟೋನಿಯನ್ ಅನ್ನುವ ಕನ್ನಡಿಯ ಟೆಲಿಸ್ಕೋಪ್‌ನಲ್ಲಿ ಅದೇ ದುಡ್ಡಿಗೆ ದೊಡ್ಡ ಕನ್ನಡಿ ಸಿಗುತ್ತದೆ, ನಿಜ. ಆದರೆ ಕನ್ನಡಿ ಆಗಾಗ ಸರಿಮಾಡಿಕೊಳ್ಳಬೇಕು, ತಾರಸಿ ಗಾಳಿಗೆ ಆ ದಪ್ಪ ಕೊಳವೆ ಅಲ್ಲಾಡುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದಿಲ್ಲ.

ಮತ್ತೆ ಪ್ರಶ್ನೆ (ಚಿಂತಾಮಣಿ):
ಮೌಂಟನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಡಬೇಕು ಅಂತ ಓದಿದೆ. ನಮ್ಮ ಮನೆ ಉತ್ತರಕ್ಕೆ ಪಕ್ಕದವರ ಮೂರಂತಸ್ತಿನ ಮನೆ ಇದೆ. ನಮಗೆ ಧ್ರುವ ಕಾಣುವುದೇ ಇಲ್ಲ.

ಉತ್ತರ:
ಇದು ನಮ್ಮ ಸೀಮೆಯ ತಲೆನೋವು. ಯೂಟ್ಯೂಬ್‌ನಲ್ಲಿ ಅಮೆರಿಕ, ಯುರೋಪಿನವರಿಗೆ ಧ್ರುವ ಸಾಕಷ್ಟು ಎತ್ತರದಲ್ಲೇ ಇರುತ್ತದೆ, ಅವರು ಇದನ್ನು ಹೇಳುವುದೇ ಇಲ್ಲ. ಯಾವ ಊರಿನ ಅಕ್ಷಾಂಶ ಎಷ್ಟೋ, ಧ್ರುವ ಅಷ್ಟೇ ಡಿಗ್ರಿ ಎತ್ತರ. ಚಿಂತಾಮಣಿಗೆ ಸುಮಾರು 13.4. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ. ಅಂದರೆ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ. ಮಾವಿನ ತೋಪು, ಬೆಟ್ಟ, ಧೂಳು ಏನಿದ್ದರೂ ಮುಚ್ಚಿಕೊಳ್ಳುತ್ತದೆ.

ದಾರಿ ಇದೆ. ನೀನಾ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂರು ಬಿಂದುಗಳ ವಿಧಾನಕ್ಕೆ ಒಂದು ಪ್ಲಗಿನ್ ಇದೆ. ಧ್ರುವ ಕಾಣದಿದ್ದರೂ ಆಕಾಶದ ಬೇರೆ ಭಾಗದ ಮೂರು ಫೋಟೋ ತೆಗೆದು, ಮೌಂಟನ್ನು ಎತ್ತ ಎಷ್ಟು ಸರಿಸಬೇಕು ಅಂತ ತೋರಿಸುತ್ತದೆ. ಲ್ಯಾಪ್‌ಟಾಪ್ ಬೇಕು.

ಕೊಳ್ಳುವಾಗ ಇನ್ನೊಂದು ನೋಡಿ. ಮೌಂಟಿನ ಅಕ್ಷಾಂಶದ ಸ್ಕ್ರೂ 13 ಡಿಗ್ರಿಗೆ ಇಳಿಯುತ್ತದಾ ಅಂತ ಅಂಗಡಿಯಲ್ಲೇ ತಿರುಗಿಸಿ ನೋಡಿ. ಇಳಿದರೂ ಕೆಲವು ಮೌಂಟ್‌ಗಳಲ್ಲಿ ತೂಕದ ಕಂಬಿ ಟ್ರೈಪಾಡ್ ಕಾಲಿಗೆ ತಾಗುತ್ತದೆ. ಆಗ ಟ್ರೈಪಾಡ್ ಮತ್ತು ಮೌಂಟ್ ನಡುವೆ ಒಂದು ಚಿಕ್ಕ ಕಂಬ ಹಾಕಿಸಬೇಕು.

ಪ್ರಶ್ನೆ (ಗುಡಿಬಂಡೆಯಿಂದ):
ಸರ್, ಇಷ್ಟೆಲ್ಲಾ ತಲೆಬಿಸಿ ಯಾಕೆ? ಸೀಸ್ಟಾರ್ ತರಹ ಸ್ಮಾರ್ಟ್ ಟೆಲಿಸ್ಕೋಪ್ ತಗೊಂಡರೆ ಆಗಲ್ವಾ?

ಉತ್ತರ:
ಆಗುತ್ತದೆ. ಸೀಸ್ಟಾರ್ ಎಸ್50 ಅಂದರೆ 50 ಮಿ.ಮೀ ಲೆನ್ಸ್, 250 ಮಿ.ಮೀ ಫೋಕಲ್ ಲೆಂತ್, ಕ್ಯಾಮೆರಾ ಒಳಗೇ ಇದೆ, ತೂಕ ಎರಡೂವರೆ ಕಿಲೋ. ಮೊಬೈಲ್‌ನಲ್ಲಿ ಹೆಸರು ಒತ್ತಿದರೆ ತಾನೇ ಹುಡುಕಿ, ಚಿಕ್ಕ ಚಿಕ್ಕ ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ಆದರೆ ಕ್ಯಾಮೆರಾ ಬದಲಿಸುವ ಹಾಗಿಲ್ಲ, ಅದರ ಸೆನ್ಸರ್ ಚಿಕ್ಕದು, ಹಾಗಾಗಿ ಆಂಡ್ರೊಮಿಡಾ ಒಂದೇ ಫ್ರೇಮಿನಲ್ಲಿ ಪೂರ್ತಿ ಹಿಡಿಸುವುದಿಲ್ಲ. ಕಲಿಯುವ ಆಸೆ ಇದ್ದವರಿಗೆ ಮೌಂಟ್. ಫೋಟೋ ಮಾತ್ರ ಸಾಕು ಅನ್ನುವವರಿಗೆ ಇದು. ಗುಡಿಬಂಡೆಯಲ್ಲಿ ಬೆಂಗಳೂರಿನ ಬೆಳಕು ನಮಗಿಂತ ಕಡಿಮೆ, ನೀವು ಪುಣ್ಯವಂತರು.

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ):
ನಮ್ಮ ಬೀದಿಗೆ ಎಲ್‌ಇಡಿ ದೀಪ ಹಾಕಿದ್ದಾರೆ. ಫಿಲ್ಟರ್ ಹಾಕಿದರೆ ಸರಿಹೋಗುತ್ತಾ ಸರ್?

ಉತ್ತರ:
ಅರ್ಧ ಸರಿಹೋಗುತ್ತದೆ, ಮೇಡಂ. ಹಳೇ ಹಳದಿ ಸೋಡಿಯಂ ದೀಪದ ಬೆಳಕು ಕೆಲವೇ ಬಣ್ಣಗಳಲ್ಲಿತ್ತು, ಕತ್ತರಿಸಲು ಸುಲಭ. ಎಲ್‌ಇಡಿ ಎಲ್ಲ ಬಣ್ಣದಲ್ಲೂ ಹರಡಿರುತ್ತದೆ. ಓರಿಯಾನ್ ತರಹದ ನೆಬ್ಯುಲಾಗಳು ಹೆಚ್ಚಾಗಿ 656 ನ್ಯಾನೋಮೀಟರ್‌ನ ಹೈಡ್ರೋಜನ್ ಕೆಂಪಿನಲ್ಲಿ, 500ರ ಹತ್ತಿರದ ಆಕ್ಸಿಜನ್ ಹಸಿರಿನಲ್ಲಿ ಹೊಳೆಯುತ್ತವೆ. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಇವೆರಡನ್ನೇ ಬಿಡುತ್ತದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಗ್ಯಾಲಕ್ಸಿ ಅಂದರೆ ನಕ್ಷತ್ರಗಳ ಗುಂಪು, ಎಲ್ಲ ಬಣ್ಣವೂ ಬೇಕು. ಅದಕ್ಕೆ ಫಿಲ್ಟರ್ ಬೇಡ, ಕಾರು ಹತ್ತಿ ಬಾಗೇಪಲ್ಲಿ ಕಡೆ ಹೋಗಿ. ನಂದಿ ಬೆಟ್ಟ ಬೇಡ, ಬೆಂಗಳೂರಿನ ಬೆಳಕು ಎದುರಿಗೇ ಇರುತ್ತದೆ.

ಪ್ರಶ್ನೆ (ಗೌರಿಬಿದನೂರಿನಿಂದ):
ನಮ್ಮೂರಲ್ಲೇ ದೊಡ್ಡ ಟೆಲಿಸ್ಕೋಪ್ ಇದೆಯಲ್ಲ, ಅದರಲ್ಲಿ ಫೋಟೋ ತೆಗೆಯಲು ಬಿಡುತ್ತಾರಾ?

ಉತ್ತರ:
ಅದು ರೇಡಿಯೋ ಟೆಲಿಸ್ಕೋಪ್, 1976ರಿಂದ ಇದೆ. ಬಯಲಿನಲ್ಲಿ ಸಾಲಾಗಿ ನಿಂತ ಆಂಟೆನಾಗಳು. ಕಣ್ಣಿಟ್ಟು ನೋಡುವ ಜಾಗವೇ ಇಲ್ಲ.

ಕೊನೇ ಪ್ರಶ್ನೆ (ಚಿಂತಾಮಣಿ):
ಸರ್, ಎಲ್ಲ ಒಟ್ಟಿಗೆ ಕೊಳ್ಳಲು ಧೈರ್ಯ ಸಾಲದು. ಬರೀ ಮೌಂಟ್ ತಂದು ಇರುವ 55-250 ಹಾಕಲಾ?

ಉತ್ತರ:
ಇದೇ ಸರಿ. 250ರಲ್ಲಿ ಐದು ಡಿಗ್ರಿ ಅಗಲ ಸಿಗುತ್ತದೆ, ಆಂಡ್ರೊಮಿಡಾ ಆರಾಮಾಗಿ ಕೂರುತ್ತದೆ. ಬಹಟಿನೋವ್ ಮಾಸ್ಕ್ ಒಂದು ತಗೊಳ್ಳಿ, ಸೀಳುಗಳಿರುವ ಪ್ಲಾಸ್ಟಿಕ್ ಬಿಲ್ಲೆ, ಅಷ್ಟೇನೂ ದುಬಾರಿ ಅಲ್ಲ. ಲೆನ್ಸ್ ಮುಂದೆ ಇಟ್ಟು ಹೊಳೆಯುವ ನಕ್ಷತ್ರ ನೋಡಿದರೆ ಮೂರು ಗೆರೆ ಕಾಣುತ್ತವೆ. ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದಾಗ ಫೋಕಸ್ ಸರಿ. ಆಮೇಲೆ ಲೆನ್ಸಿನ ರಿಂಗ್‌ಗೆ ಟೇಪ್ ಸುತ್ತಿಬಿಡಿ. ಡಿಸೆಂಬರ್ ಇಬ್ಬನಿಗೆ ಗಾಜು ಒದ್ದೆಯಾಗುತ್ತದೆ, ಯುಎಸ್‌ಬಿ ಹೀಟರ್ ಪಟ್ಟಿ ಕಟ್ಟಿ. ಫೋಟೋ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು. ನಾಲ್ಕು ಪಟ್ಟು ತೆಗೆದು ಕೂಡಿಸಿದರೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಅರ್ಧಕ್ಕೆ ಇಳಿಯುತ್ತದೆ. ಕೂಡಿಸಲು ಸಿರಿಲ್ ಸಾಫ್ಟ್‌ವೇರ್ ಉಚಿತ.

ಏಪ್ರಿಲ್ ಕೊನೆಯಲ್ಲಿ ರಾತ್ರಿ 11ರ ಸುಮಾರಿಗೆ ನೇರ ದಕ್ಷಿಣಕ್ಕೆ, ಮೂರು ಮುಷ್ಟಿ ಎತ್ತರದಲ್ಲಿ ಒಮೇಗಾ ಸೆಂಟಾರಿ ಹುಡುಕಿ. ಲಕ್ಷಾಂತರ ನಕ್ಷತ್ರಗಳ ಗುಂಪು, ಲಂಡನ್ನಿನವರಿಗೆ ಅದು ಏಳುವುದೇ ಇಲ್ಲ. ಅದಕ್ಕೂ ಈ 250 ಲೆನ್ಸೇ ಸಾಕು.