ತಿದ್ದುವುದಕ್ಕೂ ತಲೆ ತೊಳೆಯುವುದಕ್ಕೂ ನಡುವಿನ ಗೆರೆ ಯಾವುದು?

ಪ್ರಶ್ನೆ: ಶಿಕ್ಷಕ, ಚಿಂತಾಮಣಿ

ನನ್ನ ತಮ್ಮ ಕಳೆದ ವರ್ಷ ನಮ್ಮ ತಾಲ್ಲೂಕಿನಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಸೇರಿ ಬಂದ ಮೇಲೆ ಕುಡಿತ ಬಿಟ್ಟಿದ್ದಾನೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೆಲಸವನ್ನು ಈಗ ಅವನೇ ನೋಡಿಕೊಳ್ಳುತ್ತಾನೆ, ಮನೆಯಲ್ಲಿ ನೆಮ್ಮದಿ ಇದೆ. ಆದರೆ ಅವನ ಹಳೆಯ ಗೆಳೆಯರು, "ಅಲ್ಲಿ ಅವನ ತಲೆ ತೊಳೆದು ಕಳಿಸಿದ್ದಾರೆ" ಎನ್ನುತ್ತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಶಿಬಿರದಲ್ಲಿ ಅವನನ್ನು ಮನೆಯಿಂದ ದೂರ ಇರಿಸಿದ್ದರು, ಒಂದೇ ಬೋಧನೆಯನ್ನು ದಿನವೂ ಕೇಳಿಸುತ್ತಿದ್ದರು, ಹೆಂಡತಿ ಮಕ್ಕಳಿಗೆ ಕೊಟ್ಟ ಕಷ್ಟವನ್ನು ಎಲ್ಲರೆದುರು ನಿಂತು ಒಪ್ಪಿಕೊಳ್ಳುವಂತೆ ಮಾಡಿದ್ದರು. ಬ್ರೈನ್‌ವಾಷ್ ಮಾಡುವವರೂ ಇದನ್ನೇ ಮಾಡುತ್ತಾರಲ್ಲವೆ? ಉದ್ದೇಶ ಒಳ್ಳೆಯದೆಂಬ ಒಂದೇ ಕಾರಣಕ್ಕೆ ಇದನ್ನು ಸುಧಾರಣೆ ಎನ್ನಬಹುದೆ? ಹುಟ್ಟಿದಂದಿನಿಂದ ಸಮಾಜವೇ ನಮ್ಮ ಮನಸ್ಸನ್ನು ರೂಪಿಸುತ್ತಿರುವಾಗ, ಬದಲಾಗುವ ಮೊದಲು ಅವನಿಗಿದ್ದದ್ದು ಸ್ವಂತ ಮನಸ್ಸು ಎಂದಾದರೂ ಹೇಗೆ ಹೇಳುವುದು?

ಉತ್ತರ: ಮನಶ್ಶಾಸ್ತ್ರದ ಉಪನ್ಯಾಸಕಿ, ತುಮಕೂರು

ಸರ್, ನಿಮ್ಮ ಅನುಮಾನಕ್ಕೆ ಆಧಾರವಿದೆ. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕನ್ ಸೈನಿಕರನ್ನು ಚೀನೀಯರು ನಡೆಸಿಕೊಂಡ ರೀತಿಯಲ್ಲಿ ನೀವು ಹೇಳಿದ ಮೂರೂ ಅಂಶಗಳಿದ್ದವು. ಅಷ್ಟೇ ಅಲ್ಲದೆ, ಸೈನಿಕರನ್ನು ಅವರ ಅಧಿಕಾರಿಗಳಿಂದ ಬೇರ್ಪಡಿಸಲಾಗಿತ್ತು, ಮನೆಯಿಂದ ಬಂದ ಪತ್ರಗಳಲ್ಲಿ ಧೈರ್ಯ ಕೊಡುವಂಥವನ್ನು ತಡೆಹಿಡಿಯಲಾಗುತ್ತಿತ್ತು, ಒಬ್ಬರ ಮೇಲೊಬ್ಬರು ದೂರು ಹೇಳುವ ಪರಿಸ್ಥಿತಿ ತಂದು ಯಾರೂ ಯಾರನ್ನೂ ನಂಬದಂತೆ ಮಾಡಲಾಗಿತ್ತು. ಯುದ್ಧ ಮುಗಿದಾಗ 21 ಮಂದಿ ಅಮೆರಿಕನ್ನರು ತಾಯ್ನಾಡಿಗೆ ಮರಳಲು ಒಪ್ಪದಿದ್ದುದು ದೊಡ್ಡ ಆತಂಕವನ್ನೇ ಹುಟ್ಟಿಸಿತು. ಆದರೆ ಮರಳಿದವರನ್ನು ಮಾತನಾಡಿಸಿದ ರಾಬರ್ಟ್ ಲಿಫ್ಟನ್, ಎಡ್ಗರ್ ಷೈನ್ ಮೊದಲಾದ ಸಂಶೋಧಕರ ಪ್ರಕಾರ, ಹೆಚ್ಚಿನವರು ಬದುಕಿ ಉಳಿಯುವುದಕ್ಕಾಗಿ ತಲೆಯಾಡಿಸಿದ್ದರೇ ಹೊರತು ನಿಜವಾಗಿ ಮನಸ್ಸು ಬದಲಾಯಿಸಿಕೊಂಡವರು ತೀರ ಕಡಿಮೆ.

ಉದ್ದೇಶವನ್ನು ಅಳತೆಗೋಲಾಗಿ ಹಿಡಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆ ಸೆರೆಮನೆಯವರು ಕೂಡ ತಾವು ಕೈದಿಗಳನ್ನು ಉದ್ಧಾರ ಮಾಡುತ್ತಿದ್ದೇವೆಂದೇ ಹೇಳಿಕೊಂಡಿದ್ದರು. ನಿಮ್ಮ ತಮ್ಮ ಬೇಡವೆನಿಸಿದ ದಿನ ಎದ್ದು ಬರಬಹುದಿತ್ತೆ, ಎಲ್ಲರೆದುರು ಮಾತನಾಡಲು ನಿರಾಕರಿಸಿದ್ದರೆ ಅವಮಾನಕ್ಕೆ ಗುರಿಯಾಗುತ್ತಿದ್ದನೆ ಎಂದು ವಿಚಾರಿಸಿ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ, ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗಳಲ್ಲಿಯೂ ಜನ ತಮ್ಮ ಕಥೆಯನ್ನು ಹೇಳಿಕೊಳ್ಳುತ್ತಾರೆ, ಆದರೆ ಅಲ್ಲಿ ಸುಮ್ಮನೆ ಕೇಳುತ್ತ ಕುಳಿತವನನ್ನು ಯಾರೂ ಎಬ್ಬಿಸಿ ನಿಲ್ಲಿಸುವುದಿಲ್ಲ.

ಉತ್ತರ: ವಕೀಲ, ಕೋಲಾರ

ಒಳ್ಳೆಯ ಉದ್ದೇಶದ ಹೆಸರಿನಲ್ಲಿ ಏನೆಲ್ಲ ನಡೆಯಬಹುದು ಎಂಬುದಕ್ಕೆ ಕೊರಿಯಾದವರೆಗೆ ಹೋಗಬೇಕಾಗಿಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತು. ಅವರು ಹಾಜರಿ ಕೊಡಬೇಕಿತ್ತು, ಅನುಮತಿಯಿಲ್ಲದೆ ಊರು ಬಿಡುವಂತಿರಲಿಲ್ಲ. ಮುಂದೆ 'ಸುಧಾರಣೆ'ಗೆಂದೇ ವಸಾಹತುಗಳನ್ನು ತೆರೆದು ಅವರನ್ನು ಅಲ್ಲಿ ಕೂಡಿಹಾಕಿದರು, ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವುದಕ್ಕೂ ಕಾನೂನಿನಲ್ಲಿ ದಾರಿ ಮಾಡಿಕೊಂಡರು. ನಮ್ಮ ಕೊರಮರಿಗೆ ಹತ್ತಿರದ ನಂಟಿರುವ ಎರುಕುಲ ಜನರನ್ನು ಆಂಧ್ರದ ಸ್ಟುವರ್ಟ್‌ಪುರಂನಲ್ಲಿ ಹೀಗೆಯೇ ಇರಿಸಲಾಗಿತ್ತು. ಕಾಯ್ದೆ 1952ರಲ್ಲಿ ರದ್ದಾಯಿತು. ಕಳವಾದ ಕೂಡಲೇ ಇಂಥ ಸಮುದಾಯಗಳ ಕಡೆಗೆ ಬೆರಳು ತೋರಿಸುವ ಜನರ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಅಲ್ಲಿ ನಿಜವಾಗಿ ತಿದ್ದಿಕೊಳ್ಳಬೇಕಾಗಿದ್ದವರು ಯಾರು ಎಂದು ನೀವೇ ಯೋಚಿಸಿ.

ಇದಕ್ಕೆ ಎದುರಾಗಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನು ಇಟ್ಟು ನೋಡಬಹುದು. ಅದರಡಿಯಲ್ಲಿ ನ್ಯಾಯಾಲಯ ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ, ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಅವನು ತನ್ನ ಮನೆಯಲ್ಲಿದ್ದು, ತನ್ನ ಕೆಲಸ ಮಾಡಿಕೊಂಡೇ ಬದಲಾಗಲು ಅವಕಾಶ ಸಿಗುತ್ತದೆ. ಷರತ್ತು ಅವನ ನಡತೆಗೆ ಮಾತ್ರ. ಅವನು ಏನನ್ನು ನಂಬಬೇಕೆಂದು ನ್ಯಾಯಾಲಯ ಹೇಳುವುದಿಲ್ಲ. ನನಗೆ ಕಾಣುವ ಗೆರೆ ಅದು.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಗೌರಿಬಿದನೂರು

ವಕೀಲರೇ, ನೀವು ಎಳೆದ ಗೆರೆ ನ್ಯಾಯಾಲಯಕ್ಕೆ ಸರಿ, ಶಾಲೆಗೆ ಸಾಲದು. ನಮ್ಮ ಭಾಗದ ಹೋಟೆಲುಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಡುತ್ತಿದ್ದುದನ್ನು ನೋಡುತ್ತ ಬೆಳೆದ ಮಕ್ಕಳಿಗೆ ಯಾರೂ ಜಾತಿಯ ಪಾಠ ಮಾಡಲಿಲ್ಲ. ಅವರನ್ನು ಯಾವ ಶಿಬಿರಕ್ಕೂ ಸೇರಿಸಲಿಲ್ಲ, ಆದರೂ ಆ ನಂಬಿಕೆ ಅವರೊಳಗೆ ಇಳಿದು ಗಟ್ಟಿಯಾಯಿತು. ಸಮಾಜದ ಪ್ರಭಾವ ಎಂದರೆ ಇದೇ. ಲೋಟ ತೆಗೆಸಿದರೆ ನಡತೆ ಬದಲಾಗಬಹುದು, ಆದರೆ ನಂಬಿಕೆಯನ್ನೂ ಅಲುಗಾಡಿಸದೆ ಶಿಕ್ಷಕನ ಕೆಲಸ ಮುಗಿಯುವುದಿಲ್ಲ.

ಹಾಗೆಂದು ಒಂದು ನಂಬಿಕೆಯನ್ನು ಕಿತ್ತು ಇನ್ನೊಂದನ್ನು ನೆಡುವ ಹಕ್ಕು ಶಿಕ್ಷಕನಿಗಿಲ್ಲ. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಗಾಂಧಿ ಟೋಪಿಯನ್ನು ಬಿಡಲಿಲ್ಲ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೂ ರಚಿಸಿದರು. ಅಷ್ಟು ಗಟ್ಟಿಯಾದ ನಿಲುವುಗಳಿದ್ದರೂ ಅವರು ವಿದ್ಯಾರ್ಥಿಗಳಿಂದ ಬಯಸಿದ್ದು ಪ್ರಶ್ನಿಸುವ ಧೈರ್ಯವನ್ನು. ತಿದ್ದಿದವನನ್ನೇ ಪ್ರಶ್ನಿಸುವ ಶಕ್ತಿ ತಿದ್ದಿಸಿಕೊಂಡವನಲ್ಲಿ ಬೆಳೆಯಿತೆ ಎಂಬುದೇ ನನ್ನ ಪರೀಕ್ಷೆ.

ಸ್ವಂತ ಮನಸ್ಸು ಯಾರಿಗಾದರೂ ಇದೆಯೆ ಎಂದು ಕೇಳಿದ್ದೀರಿ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆ್ಯಷ್ ಅವರು ಗೆರೆಗಳ ಉದ್ದವನ್ನು ಹೋಲಿಸುವ ಸರಳ ಪ್ರಯೋಗ ನಡೆಸಿದರು. ಪರೀಕ್ಷೆಗೆ ಒಳಗಾದ ಒಬ್ಬನನ್ನು ಬಿಟ್ಟು ಗುಂಪಿನ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಹೇಳಿದಾಗ, ಹಾಗೆ ಪರೀಕ್ಷೆಗೆ ಒಳಗಾದವರ ಸುಮಾರು ಮೂರನೇ ಒಂದು ಭಾಗದಷ್ಟು ಉತ್ತರಗಳು ಆ ತಪ್ಪಿನತ್ತಲೇ ವಾಲಿದವು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದಾಗ ಆ ಪ್ರಮಾಣ ಬಹಳ ಇಳಿಯಿತು. ಆದ್ದರಿಂದ ನಿಮ್ಮ ತಮ್ಮನ ಸುತ್ತ ಕುಡಿಯದಿರುವ ಒಬ್ಬ ಗೆಳೆಯನಾದರೂ ಇರಲಿ, ಹಾಗೆಯೇ ಶಿಬಿರವನ್ನು ಒಪ್ಪದ ಒಬ್ಬನೂ ಇರಲಿ.

ಮರುನುಡಿ: ಚಿಂತಾಮಣಿಯ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ತಮ್ಮನನ್ನು ಕೂರಿಸಿಕೊಂಡು ಕೇಳಿದೆ. ಮಧ್ಯದಲ್ಲಿ ಮನೆಗೆ ಹೊರಟವರನ್ನು ಯಾರೂ ತಡೆಯಲಿಲ್ಲವಂತೆ. ಆದರೆ ಎಲ್ಲರೆದುರು ನಿಲ್ಲಿಸಿದ್ದು ತನಗೆ ಹಿಡಿಸಲಿಲ್ಲವೆಂದೂ, ತನ್ನ ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಆಗ ತುಂಬ ಕುಗ್ಗಿಹೋದರೆಂದೂ ಅವನು ಸ್ವಲ್ಪವೂ ಅಳುಕದೆ ಹೇಳಿದ. ಮಾತನಾಡಲು ಇಷ್ಟವಿಲ್ಲದವರನ್ನು ಬಲವಂತಪಡಿಸಬಾರದೆಂದು ಆಯೋಜಕರಿಗೆ ಪತ್ರ ಬರೆಯೋಣವೆಂದು ಅವನೇ ಸೂಚಿಸಿದ್ದಾನೆ. ಮುಂದಿನ ಶಿಬಿರ ಆರಂಭವಾಗುವ ಮೊದಲೇ ಅದನ್ನು ಅವರಿಗೆ ಮುಟ್ಟಿಸುತ್ತೇವೆ.