ಮಾಲೀಕ ಬದಲಾದರೆ ತೋಟ ಉಳಿಯುತ್ತಾ? ಶಾಟೊ ಮಾರ್ಗೋ ವಿಷಯ ಗೊತ್ತಿದ್ದವರು ಹೇಳಿ

ನಂದಿ ತಪ್ಪಲು:
ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ. ಅಪ್ಪ ಕಲ್ಲುಕಂಬ ನೆಟ್ಟು ಹಾಕಿದ ಚಪ್ಪರ. ಹೋದ ವರ್ಷ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಹಣ್ಣೆಲ್ಲ ಒಡೆಯಿತು. ಕೂಲಿಯೂ ಹುಟ್ಟಲಿಲ್ಲ. ಈಗ ಬೆಂಗಳೂರಿನವರೊಬ್ಬರು ಕೊಳ್ಳೋಕೆ ಬಂದಿದ್ದಾರೆ. ಬಳ್ಳಿ ಕೀಳಲ್ಲ, ಚೆನ್ನಾಗಿ ನೋಡ್ಕೋತೀನಿ ಅಂತಾರೆ. ಫ್ರಾನ್ಸ್‌ನ ಶಾಟೊ ಮಾರ್ಗೋ ತೋಟ ಮಾರಾಟ ಆದಮೇಲೇ ಉದ್ಧಾರ ಆಯ್ತು ಅಂತಾಳೆ ನನ್ನ ಮಗಳು. ನಿಜವಾ? ನಾನು ವೈನ್ ಕುಡಿಯೋನಲ್ಲ, ತೋಟದ ಕಥೆ ಹೇಳಿ ಸಾಕು.

ಹಳೇ ಬಾಟ್ಲಿ:
ನಿಜ ಅಣ್ಣ. ನೀವು ಮೈಲುತುತ್ತ, ಸುಣ್ಣ ಕಲಸಿ ಹೊಡೀತೀರಲ್ಲ ಬೋರ್ಡೋ ದ್ರಾವಣ, ಆ ಬೋರ್ಡೋ ಸೀಮೆಯದೇ ಈ ತೋಟ. 1855ರಲ್ಲಿ ಅಲ್ಲಿನ ವೈನ್‌ಗಳಿಗೆ ದರ್ಜೆ ಕಟ್ಟಿದಾಗಲೇ ಇದಕ್ಕೆ ಮೊದಲ ದರ್ಜೆ ಸಿಕ್ಕಿತ್ತು. 1970ರ ದಶಕದಲ್ಲಿ ವೈನ್ ರೇಟು ಬಿದ್ದು, ಮಾಲೀಕರಾಗಿದ್ದ ಜಿನೆಸ್ತೆ ಮನೆಯವರು ಸಾಲಕ್ಕೆ ಸಿಕ್ಕಿದರು. ಅಮೆರಿಕದ ಕಂಪನಿಯೊಂದು ಕೊಳ್ಳೋಕೆ ಬಂತು, ಫ್ರಾನ್ಸ್ ಸರ್ಕಾರ ಬಿಡಲಿಲ್ಲ. 1977ರಲ್ಲಿ ಗ್ರೀಸ್ ಮೂಲದ ಆಂದ್ರೆ ಮೆಂಟ್ಜೆಲೊಪುಲೋಸ್ ಕೊಂಡರು. ಕಿರಾಣಿ ಅಂಗಡಿಗಳ ದೊಡ್ಡ ಸರಪಳಿಯೇ ಅವರದಿತ್ತು. ಶೆಟ್ರು ದ್ರಾಕ್ಷಿಗೆ ಇಳಿದ ಹಾಗೆ ಅಂತಿಟ್ಕೊಳ್ಳಿ!

ಆದರೆ ಆ ಶೆಟ್ರು ದುಡ್ಡನ್ನು ಮಣ್ಣಿಗೇ ಸುರಿದರು. ನೀರು ನಿಲ್ಲದ ಹಾಗೆ ಬಸಿಗಾಲುವೆ ಮಾಡಿಸಿದರು, ಹೊಸ ಬಳ್ಳಿ ನೆಡಿಸಿದರು, ಎಮಿಲ್ ಪೇನೋ ಅನ್ನೋ ವೈನ್ ಪಂಡಿತರನ್ನು ಕರೆಸಿದರು. 1978ರ ವೈನೇ ಹೆಸರು ಮಾಡಿತು. 1980ರಲ್ಲಿ ಆಂದ್ರೆ ತೀರಿಹೋದರು. ಮಗಳು ಕೊರಿನ್ ವಹಿಸಿಕೊಂಡರು, ಆಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ:
ಕಥೆ ಚೆನ್ನಾಗಿದೆ. ಆದರೆ ಅಲ್ಲಿ ಮಾರ್ಗೋ ಅನ್ನೋ ಹೆಸರಿಗೇ ಬೆಲೆ. ಬಳ್ಳಿ ಕಿತ್ತರೆ ಕೊಂಡವನಿಗೇ ನಷ್ಟ. ನಮ್ಮಲ್ಲಿ ಬಳ್ಳಿ ಕಿತ್ತರೇನೇ ಲಾಭ, ಸೈಟು ಮಾಡಬಹುದಲ್ವಾ? ನಮ್ಮ ಪಕ್ಕದ ಹಿಪ್ಪುನೇರಳೆ ತೋಟ ಕೊಂಡವರೂ ಇದೇ ಮಾತು ಹೇಳಿದ್ದರು. ಈಗ ಅಲ್ಲಿ ಕಾಂಪೌಂಡು, ಬೀದಿ ದೀಪ.

ನಂದಿ ತಪ್ಪಲು:
ಇಬ್ಬರಿಗೂ ಥ್ಯಾಂಕ್ಸ್. ಆ ಗಿರಾಕಿ ನಿನ್ನೆ ಮತ್ತೆ ಬಂದಿದ್ದರು. ಚಪ್ಪರದ ಕೆಳಗೆ ಕೂರಿಸಿ ಕಾಫಿ ಕೊಟ್ಟೆ. ತಲೆ ಮೇಲೇ ಗೊಂಚಲು ನೇತಾಡುತ್ತಿತ್ತು, ಒಂದು ಹಣ್ಣೂ ಕಿತ್ತು ಬಾಯಿಗೆ ಹಾಕಲಿಲ್ಲ. ಎದ್ದವರೇ ದಾರಿಯ ಅಗಲವನ್ನು ಹೆಜ್ಜೆ ಹಾಕಿ ಅಳೆದರು. ಮಗಳೂ ಬಾಗಿಲಲ್ಲಿ ನಿಂತು ನೋಡಿದಳು. ಈ ಸಲದ ಚಾಟ್ನಿಗೆ, ಅಂದ್ರೆ ಬಳ್ಳಿ ಸವರೋಕೆ, ಆಳು ಹೇಳಿದ್ದೇನೆ.