ಮಕ್ಕಳು ಕಲಿತಿದ್ದಾರೋ, ಬಾಯಿಪಾಠ ಹಾಕಿದ್ದಾರೋ? ಅನುಭವ ಇದ್ದವರು ಹೇಳ್ರಿ

ಕೊಪ್ಪಳ ಅರ್ಥಶಾಸ್ತ್ರ (ಕೇಳಿದವರು):
ಪದವಿ ಕಾಲೇಜಿನಲ್ಲಿ ಪಾಠ ಮಾಡ್ತೀನಿ, ಇದು ಎರಡನೇ ವರ್ಷ. ಬಿಎ ಕ್ಲಾಸಲ್ಲಿ 96 ಮಕ್ಕಳು. ಬೇಡಿಕೆ ನಿಯಮ ಬರೀರಿ ಅಂದ್ರೆ ಪುಟಗಟ್ಟಲೆ ಬರೀತಾರೆ. ಗಂಗಾವತಿ ಮಾರ್ಕೆಟ್‌ನಲ್ಲಿ ಸುಗ್ಗಿ ಹೊತ್ತಿಗೆ ಭತ್ತದ ರೇಟ್ ಯಾಕೆ ಬೀಳ್ತದೆ ಅಂದ್ರೆ ಇಡೀ ಕ್ಲಾಸ್ ಗಪ್‌ಚುಪ್. ಸೆಮಿಸ್ಟರ್ ಶುರುವಿಗೊಂದು, ಕೊನೆಗೊಂದು ಟೆಸ್ಟ್ ಇಟ್ಟು ಅಳೆದವರು ಇದ್ದೀರಾ? ಮಾಡಲೋ ಬೇಡವೋ?

ಬಳ್ಳಾರಿ ಭೌತಶಾಸ್ತ್ರ:
ಮಾಡಿದೀನ್ರಿ. ಆ ನೋವು ಇನ್ನೂ ಹೋಗಿಲ್ಲ. ಹನ್ನೊಂದು ವರ್ಷ ನ್ಯೂಟನ್ ನಿಯಮ ಹೇಳಿ, ಚೆನ್ನಾಗೇ ಹೇಳ್ತೀನಿ ಅಂತ ನಂಬಿದ್ದೆ. ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಅಂತ, ಬಲ-ಚಲನೆ ನಿಜವಾಗಿ ಅರ್ಥ ಆಗಿದೆಯಾ ಅಂತ ನೋಡೋ ಟೆಸ್ಟ್ ಇದೆ; ಅದರ 30 ಪ್ರಶ್ನೆಗಳನ್ನು ರಾತ್ರಿ ಕೂತು ಕನ್ನಡಕ್ಕೆ ಮಾಡ್ಕೊಂಡೆ. 84 ಮಕ್ಕಳು, ತಲಾ 8 ಪುಟ, ಪುಟಕ್ಕೊಂದು ರೂಪಾಯಿ ಜೆರಾಕ್ಸ್. ಒಂದು ಸಲಕ್ಕೆ 672, ಎರಡು ಸಲಕ್ಕೆ 1,344. ಎಲ್ಲಾ ನನ್ನ ಜೇಬಿಂದ. ಮೊದಲ ಸರಾಸರಿ ಶೇ 27, ಕೊನೆಗೆ ಶೇ 34. ಕಲಿಯೋಕೆ ಬಾಕಿ ಇದ್ದ 73ರಲ್ಲಿ ಬರೀ 7, ಗಳಿಕೆ 0.1ರ ಹತ್ತಿರ. ಅಮೆರಿಕದ ಭೌತಶಾಸ್ತ್ರಜ್ಞ ಹೇಕ್ 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕ ತೆಗೆದಾಗ ಬರೀ ಉಪನ್ಯಾಸದ ಕ್ಲಾಸುಗಳ ಸರಾಸರಿಯೇ 0.23 ಇತ್ತು. ನಾನು ಅದರ ಅರ್ಧಕ್ಕೂ ಮುಟ್ಟಿಲ್ಲ. ಮೂರು ದಿನ ಊಟ ಸೇರಲಿಲ್ಲ.

ಮರುವರ್ಷ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ ಅವರ ದಾರಿ ಹಿಡಿದೆ: ಪ್ರಶ್ನೆ ಹಾಕಿ ಮಕ್ಕಳಲ್ಲೇ ವಾದ ಮಾಡಿಸೋದು. ಸಂಡೂರಿಂದ ಅದಿರು ತುಂಬಿಕೊಂಡು ಬಂದ ಲಾರಿ ನಿಂತ ಸ್ಕೂಟಿಗೆ ಗುದ್ದಿತು. ಯಾವುದರ ಬಲ ಹೆಚ್ಚು? ಬಣ್ಣದ ಕಾರ್ಡ್ ಎತ್ತಿಸಿದೆ. 80ರಲ್ಲಿ 66 ಜನ ಲಾರಿ ಅಂದ್ರು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಅನ್ನೋ ನ್ಯೂಟನ್‌ನ ಮೂರನೇ ನಿಯಮ ಹಿಂದುಮುಂದಾಗಿ ಹೇಳೋ ಮಕ್ಕಳೇ! ನಾನು ಉತ್ತರ ಹೇಳಲಿಲ್ಲ, ಪಕ್ಕದವರ ಜೊತೆ ವಾದ ಮಾಡ್ರಿ ಅಂದೆ. ನಾಲ್ಕು ನಿಮಿಷ ಕ್ಲಾಸ್ ಸಂತೆ ಆಯ್ತು. ಹಿಂದಿನ ಬೆಂಚಿನ ಹುಡುಗ ‘ಬಲ ಎರಡಕ್ಕೂ ಒಂದೇ ಲೇ, ಸ್ಕೂಟಿ ಹಗುರ, ಅದಕ್ಕೇ ಹಾರಿ ಬಿತ್ತು’ ಅಂದ. ಎರಡನೇ ಸಲ 50 ಜನ ಸರಿ. ಆ ವರ್ಷ ಗಳಿಕೆ 0.35. ಆದ್ರೆ ಕೊನೇ ಯೂನಿಟ್ ಉಳೀತು, ಭಾನುವಾರ ಕ್ಲಾಸ್ ತಗೊಂಡೆ, ಫೀಡ್‌ಬ್ಯಾಕ್‌ನಲ್ಲಿ ‘ಸರ್ ಪಾಠಾನೇ ಮಾಡಲ್ಲ’ ಅಂತ ಬಂತು. 2019ರ ಹಾರ್ವರ್ಡ್ ಅಧ್ಯಯನದಲ್ಲೂ ಹಿಂಗೇ ಆಗಿದೆ, ಹೆಚ್ಚು ಕಲಿತವರೇ ‘ಕಡಿಮೆ ಕಲಿತೆವು’ ಅಂದಿದ್ದಾರೆ. ನಮ್ಮ ಪ್ರಿನ್ಸಿಪಾಲರಿಗೆ ಅದನ್ನ ಹೇಳೋಕಾಗುತ್ತಾ?

ರಾಯಚೂರು ಇಂಜಿನಿಯರಿಂಗ್:
ಅಳತೆ ಅಂದ್ರ ನನಗ ಮೈ ಉರೀತದ. ಮೊದಲಿದ್ದ ಕಾಲೇಜಿನ್ಯಾಗ ಎನ್‌ಬಿಎ (ಕೋರ್ಸಿಗೆ ಮಾನ್ಯತೆ ಕೊಡೋ ಮಂಡಳಿ) ತಂಡ ಬರೋ ಮುಂಚೆ ಹತ್ತೊಂಬತ್ತು ರಾತ್ರಿ ಸಿಒ-ಪಿಒ ಮ್ಯಾಪಿಂಗ್. ಅಂದ್ರ ಒಂದೊಂದು ವಿಷಯದಾಗ ಕಲೀಬೇಕಾದ್ದು (ಸಿಒ), ಇಡೀ ಡಿಗ್ರಿಯಿಂದ ಬರಬೇಕಾದ್ದಕ್ಕ (ಪಿಒ) ಎಷ್ಟು ಹೊಂದತದ ಅಂತ ಅಂಕಿ ಹಾಕೋದು. ಎಕ್ಸೆಲ್ ತುಂಬ 3, 2, 1. ಟಾರ್ಗೆಟ್ ಮುಟ್ಟಲಿಲ್ಲಂದ್ರ ಮುಂದಿನ ಇಂಟರ್ನಲ್ ಪೇಪರ್ ಹಗುರ ಮಾಡ್ರಿ ಅಂತ ಮೇಲಿನವರು. ಅಟೇನ್‌ಮೆಂಟ್ (ಗುರಿ ಎಷ್ಟು ಮುಟ್ಟೀವಿ ಅನ್ನೋ ಅಂಕಿ) 1.6 ಇದ್ದದ್ದು 2.7 ಆತು, ಹುಡುಗ್ರು ಎಲ್ಲಿದ್ರೋ ಅಲ್ಲೇ. ಪ್ರಿಂಟೌಟ್‌ಗೇ 14 ರಿಮ್ ಪೇಪರ್! ಇಂಜಿನಿಯರಿಂಗ್ ಡಿಗ್ರಿಗಳನ್ನ ದೇಶ ದೇಶಗಳು ಒಪ್ಪಿಕೊಳ್ಳೋ ವಾಷಿಂಗ್ಟನ್ ಅಕಾರ್ಡ್‌ಗೆ ಭಾರತ 2014ರಾಗ ಪೂರ್ಣ ಸದಸ್ಯ ಆದದ್ದು ನಮ್ಮ ಡಿಗ್ರಿಗೆ ಹೊರದೇಶದಾಗೂ ಬೆಲೆ ಬರ್ಲಿ ಅಂತ, ನಮ್ಮಲ್ಲಿ ಆದದ್ದು ಇದು. ಮಗಳ ಮೊದಲ ಹುಟ್ಟುಹಬ್ಬಕ್ಕೂ ನಾ ಮನೀಗೆ ಹೋಗ್ಲಿಲ್ಲ.

ಬಳ್ಳಾರಿ ಸಿವಿಲ್:
ಸರ್, ಸುಳ್ಳು ತುಂಬಿದವರು ನೀವು, ಬೈಗುಳ ಎಕ್ಸೆಲ್‌ಗೆ ಯಾಕೆ? ನಾನೂ ಇದೇ ಕೆಲಸದ ಕೋಆರ್ಡಿನೇಟರ್. ಪ್ರಶ್ನೆವಾರು ಅಂಕ ಹಾಕಿದ ಮೇಲೇ ಗೊತ್ತಾಗಿದ್ದು, ಮೂರು ಬ್ಯಾಚಿಂದ ಒಂದೇ ಸಿಒ ಬೀಳ್ತಾ ಇದೆ: ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್, ಅಂದ್ರೆ ಭಾರ ಬಿದ್ದಾಗ ತೊಲೆಯನ್ನ ಬಗ್ಗಿಸೋ ಪರಿಣಾಮ ಎಲ್ಲೆಲ್ಲಿ ಎಷ್ಟು ಅಂತ ತೋರಿಸೋ ಚಿತ್ರ. ಸೂತ್ರ ಬರುತ್ತೆ, ಚಿತ್ರ ಬರಲ್ಲ. ಒಬ್ಬೊಬ್ಬರ ಕೈಗೂ ಪ್ಲಾಸ್ಟಿಕ್ ಸ್ಕೇಲ್ ಕೊಟ್ಟು ಬಗ್ಗಿಸಿ ನೋಡ್ರಿ ಅಂದೆ. ಈಗ ಅದೇ ಪ್ರಶ್ನೆ ಮೊದಲು ಮುಟ್ಟುತ್ತಾರೆ.

ರಾಯಚೂರು ಇಂಜಿನಿಯರಿಂಗ್:
ನನ್ನ ಜಾಗದಾಗ ನಿಂತು ಮಾತಾಡ್ರಿ. ಸಹಿ ಹಾಕಲ್ಲ ಅಂದವನಿಗೆ ಇನ್‌ಕ್ರಿಮೆಂಟ್ ನಿಂತದ್ದು ನಾ ಕಣ್ಣಾರೆ ನೋಡೀನಿ.

ಸಿಂಧನೂರು ಇತಿಹಾಸ:
ಇನ್‌ಕ್ರಿಮೆಂಟ್ ಇದ್ದವರ ಜಗಳ ಇದು. ನಾನು ಅತಿಥಿ ಉಪನ್ಯಾಸಕಿ, ಮುಂದಿನ ವರ್ಷ ಇರ್ತೀನೋ ಇಲ್ಲೋ. ಆದ್ರೂ 62 ಮಕ್ಕಳನ್ನ ಒಬ್ಬೊಬ್ಬರಾಗಿ ಏಳೇಳು ನಿಮಿಷ ಮಾತಾಡಿಸಿದೆ. 434 ನಿಮಿಷ, ಹನ್ನೊಂದು ದಿನ, ಎಲ್ಲಾ ಕ್ಲಾಸ್ ಮುಗಿದ ಮೇಲೆ. ಹತ್ತಿ ಬಿಡಿಸೋ ಹೊತ್ತು, 17 ಮಕ್ಕಳು ಹೊಲದಲ್ಲಿದ್ದರು, ಅವರಿಗೆ ರಾತ್ರಿ ಫೋನ್ ಮಾಡಿದೆ. ಮಸ್ಕಿ ಶಾಸನ ಸಿಕ್ಕಿದ್ದು 1915 ಅಂತ ಎಲ್ಲರೂ ಬರೀತಾರೆ. ಅದು ಯಾಕೆ ದೊಡ್ಡದು ಅಂದ್ರೆ ಸರಿಯಾಗಿ ಹೇಳಿದ್ದು ಇಬ್ಬರೇ. ಅದರಲ್ಲೊಬ್ಬಳು ಫೋನಲ್ಲಿ ಸಿಕ್ಕವಳು: ‘ಮೇಡಂ, ಅಲ್ಲೀತನಕ ಬೇರೆ ಕಡೆ ಸಿಕ್ಕಿದ್ರಾಗ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು, ನಮ್ಮ ಮಸ್ಕಿ ಕಲ್ಲಿನ್ಯಾಗ ಅಶೋಕ ಅಂತ ಹೆಸರೂ ಐತಿ, ಅದಕ್ಕ ಅವನೇ ಇವನು ಅಂತ ಖಾತ್ರಿ ಆತು.’ ಪರೀಕ್ಷೆಯಲ್ಲಿ ಅವಳಿಗೆ 60ಕ್ಕೆ 23 ಬಂದಿತ್ತು.

ಬಳ್ಳಾರಿ ಭೌತಶಾಸ್ತ್ರ:
ಒಳ್ಳೇ ಕೆಲಸ ಮೇಡಂ. ಆದ್ರೆ ಅದು ಅಳತೆ ಅಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸೋಕೆ ಬರಲ್ಲ.

ಸಿಂಧನೂರು ಇತಿಹಾಸ:
ನಿಮ್ಮ 0.35ರಲ್ಲಿ ಹೊಲಕ್ಕೆ ಹೋದ ಮಕ್ಕಳು ಸೇರಿದ್ದಾರಾ ಸರ್?

ಬಳ್ಳಾರಿ ಭೌತಶಾಸ್ತ್ರ:
ಹಳೇ ಹಾಳೆ ತೆಗೆದು ಎಣಿಸಿದೆ. ಎರಡೂ ಟೆಸ್ಟ್ ಬರೆದವರು 58. ಉಳಿದ 22 ಜನರಲ್ಲಿ ಹೆಚ್ಚಿನವರು ಕುರುಗೋಡು, ಸಿರುಗುಪ್ಪ ಕಡೆಯವರು, ಆಗ ಮೆಣಸಿನಕಾಯಿ ಬಿಡಿಸೋ ಟೈಮು. ಅವರನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ.